ಗಂಗವ್ವನ ಎಡಗೈ

ಮಕ್ಕಳಿಗೆ ಕಲಿಸುವುದರಲ್ಲಿ ನಮ್ಮ ಶಿಕ್ಷಕರ ತರಬೇತಿಯ ತಂಡದಲ್ಲಿ ನನ್ನ ಮುಂದೆ ನಿಲ್ಲುವವರೇ ಇರಲಿಲ್ಲ. ಹಳ್ಳ್ಯಾಗ ಬೆಳೆದವ ನಾನು. ಆದರೂ ತರಬೇತಿಗೆಂದು ಹೋದ ಮೊರಬ ಊರಿನ ಅಂಗನವಾಡಿಯಲ್ಲಿ ನಾಲ್ಕು ವರ್ಷದ ಗಂಗವ್ವ ನನ್ನೆದುರು ಬಳಪ ಮುಟ್ಟಲಿಲ್ಲ. ಎಡಗೈಲೆ ಗೀಚುತ್ತಾಳೆಂದು ಅವಳ ಅಜ್ಜಿ ಆ ಕೈಗೆ ಅರಿವೆ ಬಿಗಿದು ಕಳಿಸುತ್ತಿದ್ದಳು. ಹುಡುಗಿ ಮಾತನ್ನೂ ಬಿಟ್ಟಿದ್ದಳು.

ಇದು ತಿಳಿದ ಮರುದಿನ ಮುಂಜಾನೆ ಅವರ ಮನೆಗೇ ಹೋದೆ. ಮಿದುಳು, ಬೆಳವಣಿಗೆ ಅಂತ ಓದಿದ್ದನ್ನೆಲ್ಲ ಒದರಿದೆ. ಪೂಜೆಗೆ ಕೂತಿದ್ದ ಅಜ್ಜಿ ತಲೆ ಎತ್ತಲಿಲ್ಲ.

"ಎಡಗೈ ಅಂದ್ರ ಮೈಲಿಗಿ ಕೈ. ಮೀಸಿ ಬಂದಾವ, ಬುದ್ಧಿ ಬಂದಿಲ್ಲೇನಲೇ ಮಾಸ್ತರಾ?"

"ಹೌದ್ರಿ ಅಜ್ಜಿ. ಮತ್ತ ಈಗ ಲಿಂಗಾ ಯಾವ ಕೈಯಾಗ ಹಿಡದೀರಿ?"

ಅಜ್ಜಿ ತನ್ನ ಎಡ ಅಂಗೈ ಮೇಲಿದ್ದ ಇಷ್ಟಲಿಂಗವನ್ನು ನೋಡಿದಳು. ಪೂಜೆ ಮುಗಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅರಿವೆ ಬಿಚ್ಚಿದಳು. ಕಟ್ಟಿದಲ್ಲಿ ಕೆಂಪಗೆ ಬರೆ ಮೂಡಿತ್ತು. ಅದನ್ನು ಸವರುತ್ತ ಅಂದಳು:

"ಬರಿಯಾಕ ಅಷ್ಟ ನೋಡು. ಉಣ್ಣೂದು ಮಾತ್ರ ಬಲಗೈಲೇನ."

ಅರ್ಧ ಗೆಲುವಿಗೆ ಒಪ್ಪುವ ಮನುಷ್ಯ ನಾನಲ್ಲ. ಅವತ್ತು ಒಪ್ಪಿದೆ.