ಎರಡು ಗುಂಡಿಗಳ ಪೆಟ್ಟಿಗೆ

ನಾನೂ ಒಂದು ಕಾಲದಲ್ಲಿ ಚಿಕ್ಕವಳಿದ್ದೆ ಎಂದರೆ ನೀವು ಮುಸಿಮುಸಿ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ನಾವು ಇದೇ ಲಗ್ಗೆರೆಯಲ್ಲಿ, ಶೀಟು ಹೊದಿಸಿದ ಒಂದೇ ಕೋಣೆಯ ಮನೆಯಲ್ಲಿದ್ದೆವು. ಅಪ್ಪ, ಅಕ್ಕ, ನಾನು, ಮೂರೇ ಜನ. ನಾನು ಹುಟ್ಟಿದ ವರ್ಷವೇ ಅಮ್ಮ ತೀರಿಹೋಗಿದ್ದಳು. ನನಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದವಳು, ಹಟ ಮಾಡಿದರೆ ಬೆನ್ನಿಗೊಂದು ಬಿಡುತ್ತಿದ್ದವಳು ಎಲ್ಲಾ ಅಕ್ಕನೇ. ಅವಳಿಗೆ ಆಗ ಹದಿನೆಂಟು. ಅಪ್ಪನೂ ಅಕ್ಕನೂ ಪೀಣ್ಯದ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು.

ಅದು ಪವರ್ ಪ್ರೆಸ್ಸುಗಳ ಶೆಡ್ಡು. ಪ್ರೆಸ್ಸು ಎಂದರೆ ಆಳೆತ್ತರದ ಕಬ್ಬಿಣದ ಮಷೀನು. ಕೆಳಗೆ ಅಚ್ಚು, ಮೇಲೆ ಒನಕೆಯ ಹಾಗೆ ಬಂದು ಬೀಳುವ ದಪ್ಪ ಕಬ್ಬಿಣ. ತಗಡಿನ ತುಂಡನ್ನು ಕೈಯಿಂದ ಅಚ್ಚಿನ ಮೇಲಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ, ಮೇಲಿನದು ‘ಧಡ್’ ಎಂದು ಬಿದ್ದು ತಗಡು ಫ್ಯಾನಿನ ಮುಚ್ಚಳವಾಗುತ್ತಿತ್ತು. ಕೈ ಹಿಂದೆ ಬರುವ ಮೊದಲೇ ಕಾಲು ಒತ್ತಿಬಿಟ್ಟರೆ ಏನಾಗುತ್ತದೆಂದು ನೀವೇ ಊಹಿಸಿ. ದಿನಕ್ಕೆ ಸಾವಿರಾರು ಸಲ ಒತ್ತುವ ಕಾಲು, ಎಂದಾದರೂ ಒಂದು ದಿನ ತಪ್ಪುತ್ತಿತ್ತು.

ನಮ್ಮ ಬೀದಿಯಲ್ಲಿ ಹತ್ತೂ ಬೆರಳಿದ್ದ ಗಂಡಸರು ಕಡಿಮೆಯೇ. ಬೆರಳು ಹೋದವರನ್ನು ಗೇಟಿನ ವಾಚ್‌ಮನ್ ಮಾಡುತ್ತಿದ್ದರು. ಆಮೇಲೆ ಆ ಪ್ರೆಸ್ಸಿನ ಮುಂದೆ ಒಂದು ಬೂದುಗುಂಬಳಕಾಯಿ ಒಡೆದು, ಕುಂಕುಮ ಚೆಲ್ಲಿ, ಅದೇ ಗಂಟೆಯಲ್ಲಿ ಇನ್ನೊಬ್ಬರನ್ನು ಅದರ ಮುಂದೆ ಕೂರಿಸುತ್ತಿದ್ದರು. ದೃಷ್ಟಿ ತೆಗೆದಾಯಿತು, ಕೆಲಸ ನಡೆಯಲಿ ಎಂದು. ಎಲ್ಲರಿಗೂ ಅದು ಅಭ್ಯಾಸವಾಗಿಹೋಗಿತ್ತು. ಅಪ್ಪನಿಗೆ ಮಾತ್ರ ಆಗಲಿಲ್ಲ.

ಅಪ್ಪ ಅಲ್ಲಿ ಫಿಟ್ಟರ್, ಅಂದರೆ ಕೆಟ್ಟ ಮಷೀನು ರಿಪೇರಿ ಮಾಡುವವರು. ಓದಿದ್ದು ಏಳನೇ ಕ್ಲಾಸು. ಒಂದು ಭಾನುವಾರ ಎದುರುಮನೆಯ ಮಾವ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಅವರ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಮುದ್ದೆ ಮುರಿಯಲು ಹೋಗಿ ಅದು ಜಾರಿ ನೆಲಕ್ಕೆ ಉರುಳಿತು. ಮಾವ ನಕ್ಕರು. ಅಪ್ಪ ತಟ್ಟೆಯ ಮುಂದಿನಿಂದ ಎದ್ದುಬಿಟ್ಟರು. ಅಂದಿನಿಂದ ಅವರಿಗೆ ಅದೇ ಗೀಳು.

ಮೊದಲು ಪ್ರೆಸ್ಸಿನ ಮುಂದೆ ತಂತಿಬಲೆ ಕಟ್ಟಿದರು, ತಗಡು ಇಡಲು ತೊಡಕಾಗುತ್ತದೆಂದು ಮೇಸ್ತ್ರಿ ಕಿತ್ತೆಸೆದ. ಆಮೇಲೆ ಕೆಲಸಗಾರರ ಮಣಿಕಟ್ಟಿಗೆ ಹಗ್ಗ ಕಟ್ಟಿ, ಕಬ್ಬಿಣ ಇಳಿಯುವಾಗ ಕೈಯನ್ನು ಹಿಂದಕ್ಕೆ ಎಳೆಯುವ ಉಪಾಯ ಮಾಡಿದರು. “ನಾವೇನ್ ಕರುಗಳಾ, ಅಗ್ಗ ಕಟ್ಟೋಕೆ?” ಎಂದು ಅವರೆಲ್ಲ ಜಗಳಕ್ಕೇ ಬಂದರು. ಅಪ್ಪ ಸೋಲೊಪ್ಪುವ ಪೈಕಿಯಲ್ಲ. ಗುಜರಿಯಿಂದ ಹಳೆಯ ಟೆಲಿಫೋನಿನ ಸಾಮಾನು, ಕೆಟ್ಟ ಲಿಫ್ಟಿನ ಗುಂಡಿ ಹೊತ್ತು ತಂದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದರು, ಅಳಿಸಿದರು. ನಮ್ಮ ಮನೆಯಲ್ಲಿ ಸಾರಿನ ವಾಸನೆಗಿಂತ ಬೆಸುಗೆಯ ಹೊಗೆಯ ವಾಸನೆಯೇ ಹೆಚ್ಚು.

ಕೊನೆಗೆ ತಯಾರಾಯಿತು ಎರಡು ಗುಂಡಿಗಳ ಪೆಟ್ಟಿಗೆ. ಕಾಲಿನ ಪೆಡಲೇ ಬೇಡ. ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಒತ್ತಿದರೆ ಮಾತ್ರ ಪ್ರೆಸ್ಸು ಬೀಳುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಯಾವ ಕೈ ಇರುತ್ತದೆ ಹೇಳಿ? ಎಷ್ಟು ಸರಳ! ಆದರೆ ನಮ್ಮ ಸುತ್ತಮುತ್ತಲಿನ ಶೆಡ್ಡುಗಳಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಒಂದೊಂದು ಗುಂಡಿಗೂ ಪೆಟ್ಟಿಗೆಯೊಳಗೆ ಒಂದೊಂದು ರಿಲೇ, ಅಂದರೆ ಕರೆಂಟು ಹರಿಸಿ ತಡೆಯುವ ಪುಟ್ಟ ಸ್ವಿಚ್ಚು, ಇತ್ತು. ಗುಂಡಿ ಒತ್ತಿದಾಗ ಅದು ಸಣ್ಣಗೆ ‘ಟಕ್’ ಎನ್ನುತ್ತಿತ್ತು. ಟಕ್ ಟಕ್, ಧಡ್. ಅಪ್ಪ ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತಿದ್ದರು.

ಶೆಡ್ಡಿನ ಓನರ್ ಕೆಟ್ಟವರಲ್ಲ, ಆದರೆ ಲೆಕ್ಕದ ಮನುಷ್ಯ. “ಕೈ ಉಳೀಬೇಕು ಅಂತ ನಂಗೂ ಇದೆ ಕಣಪ್ಪ. ಆದ್ರೆ ಪ್ರೊಡಕ್ಷನ್ ಬೀಳಬಾರ್ದು. ಶನಿವಾರ ಟ್ರಯಲ್ ಮಾಡೋಣ. ಒಂದ್ ಗಂಟೆ ಪೆಡಲ್, ಒಂದ್ ಗಂಟೆ ನಿನ್ ಬಟನ್. ಕೌಂಟ್ ಸರಿಸಮ ಬಂದ್ರೆ ಶೆಡ್ಡಿಗೆಲ್ಲಾ ಹಾಕಿಸ್ತೀನಿ. ಬರ್ಲಿಲ್ಲಾಂದ್ರೆ ಬಿಚ್ಚಿಟ್ಬಿಡು, ಈ ಮಾತ್ ಮತ್ತೆ ಎತ್ಬೇಡ” ಎಂದರು. ಗುಂಡಿ ಒತ್ತಲು ಯಾರೂ ಮುಂದೆ ಬರಲಿಲ್ಲ. ಅಕ್ಕ ತಾನು ಕೂರುತ್ತೇನೆ ಎಂದಳು.

ನಾಲ್ಕು ದಿನ ಅಭ್ಯಾಸ ಮಾಡಿದಳು. ಎಷ್ಟು ಬೇಗ ಮಾಡಿದರೂ ಪೆಡಲಿನ ಕೌಂಟಿಗೆ ಸಾಲದೆಂದು ಅವಳಿಗೆ ಗೊತ್ತಾಗಿಹೋಯಿತು. ಶುಕ್ರವಾರ ಸಂಜೆ ಅವಳು ನನ್ನ ಹತ್ತಿರ ಕೂತು, “ನಿನ್ ಐಸ್‌ಕ್ಯಾಂಡಿ ಕಡ್ಡೀಲಿ ಒಂದ್ ಕೊಡೆ” ಎಂದಳು. ನಾನು ಆ ಕಡ್ಡಿಗಳನ್ನು ತೊಳೆದು ಬೆಂಕಿಪೊಟ್ಟಣಗಳ ಜೊತೆ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. “ಯಾಕಕ್ಕ?” ಎಂದೆ. “ಯಾಕೋ ಬೇಕು. ಅಪ್ಪಂಗ್ ಏಳ್ಬೇಡ.” ನಾನು ಅವುಗಳಲ್ಲೇ ಗಟ್ಟಿಯಾದದ್ದನ್ನು ಆರಿಸಿಕೊಟ್ಟೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬುತ್ತಿ ಹಿಡಿದು ಶೆಡ್ಡಿಗೆ ಹೋದೆ. ಉಳಿದ ಪ್ರೆಸ್ಸುಗಳನ್ನೆಲ್ಲ ನಿಲ್ಲಿಸಿದ್ದರು. ಬಿಸಿ ಕಬ್ಬಿಣ, ಸುಟ್ಟ ಎಣ್ಣೆ, ಬೆವರು, ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಅಡರುತ್ತಿತ್ತು. ಮೊದಲ ಗಂಟೆ ಒಬ್ಬ ಹಳೆಯ ಕೆಲಸಗಾರ ಪೆಡಲ್ ತುಳಿದ. ಮೇಸ್ತ್ರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೌಂಟ್ ಬರೆದ. ಆಮೇಲೆ ಅಕ್ಕ ಕೂತಳು. ಟಕ್ ಟಕ್, ಧಡ್. ಟಕ್ ಟಕ್, ಧಡ್. ಚೆನ್ನಾಗಿಯೇ ನಡೆಯುತ್ತಿತ್ತು, ಆದರೆ ನಿಧಾನ. ಮೇಸ್ತ್ರಿ ಗಡಿಯಾರ ನೋಡಿ ತಲೆಯಾಡಿಸಿದ. ಅಪ್ಪ ಸೊಂಟದ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು.

ಅಷ್ಟರಲ್ಲಿ ಓನರ್ ಅಪ್ಪನನ್ನು ಆಫೀಸಿಗೆ ಕರೆದರು. ಅಪ್ಪ ಆಚೆ ಹೋದದ್ದೇ ತಡ, ಮೇಸ್ತ್ರಿ ಹಲಗೆಯ ಕಡೆ ತಿರುಗಿದಾಗ ಅಕ್ಕ ಜಡೆಯೊಳಗೆ ಸಿಕ್ಕಿಸಿಕೊಂಡಿದ್ದ ಕಡ್ಡಿಯನ್ನು ತೆಗೆದಳು. ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದು ಅದರ ಸಂದಿಗೆ ಕಡ್ಡಿ ತುರುಕಿದಳು. ಗುಂಡಿ ಒತ್ತಿದ ಹಾಗೇ ನಿಂತುಕೊಂಡಿತು. ಈಗ ಬಲಗೈಯೊಂದೇ ಗುಂಡಿ ಒತ್ತಿದರೆ ಸಾಕು, ಎಡಗೈ ತಗಡು ಇಡಬಹುದು. ಅವಳು ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಮಕ್ಕಳೇ, ನಾನು ಖುಷಿಪಟ್ಟೆ. ನಮ್ಮ ಅಪ್ಪ ಗೆಲ್ಲುತ್ತಾರೆಂದು ಖುಷಿಪಟ್ಟೆ. ಆ ಖುಷಿಗಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಕೌಂಟ್ ಏರುತ್ತಾ ಹೋಯಿತು. ಮೇಸ್ತ್ರಿಯ ಹುಬ್ಬು ಮೇಲೇರಿತು. ಗಂಟೆ ಮುಗಿಯುವ ಹೊತ್ತಿಗೆ ಅಪ್ಪನೂ ಓನರ್ರೂ ಬಾಗಿಲಿಗೆ ಬಂದರು. “ಪರ್ವಾಗಿಲ್ಲ ಕಣಯ್ಯಾ, ಸಕ್ಕತ್ತಾಗ್ ಓಡ್ತಾ ಇದೆ!” ಎಂದು ಓನರ್ ಅಪ್ಪನ ಬೆನ್ನು ತಟ್ಟಿದರು. ಅಪ್ಪನ ಮುಖದಲ್ಲಿ ಒಂದು ನಗು ಮೂಡಿತು, ಮೂಡಿದ್ದು ಹಾಗೆಯೇ ಆರಿತು. ಅವರು ಕಿವಿಗೊಟ್ಟಿದ್ದರು. ಎರಡು ಟಕ್ ಕೇಳಬೇಕಾದಲ್ಲಿ ಒಂದೇ ಕೇಳುತ್ತಿತ್ತು. ಟಕ್, ಧಡ್. ಟಕ್, ಧಡ್.

“ನಿಲ್ಸು! ನಿಲ್ಸವ್ವಾ!” ಎಂದು ಅಪ್ಪ ಕೂಗಿದರು. ಅಕ್ಕ ಬೆಚ್ಚಿ ಬಾಗಿಲ ಕಡೆ ತಿರುಗಿದಳು. ತಿರುಗಿದ್ದು ಮುಖ ಮಾತ್ರ. ಬಲಗೈ ಓಟದಲ್ಲಿತ್ತು, ಅದು ಗುಂಡಿ ಒತ್ತಿಬಿಟ್ಟಿತು.

ಅದನ್ನು ನಿಮಗೆ ಬಿಡಿಸಿ ಹೇಳುವುದಿಲ್ಲ. ಎಡಗೈಯ ಮೂರು ಬೆರಳು ಹೋದವು, ಅಷ್ಟು ತಿಳಿದರೆ ಸಾಕು. ಅಪ್ಪ ಓಡಿಬಂದು ಟವೆಲಿನಿಂದ ಅವಳ ಕೈ ಸುತ್ತಿದರು. ಸುತ್ತುತ್ತಲೇ ಇನ್ನೊಂದು ಕೈಯಿಂದ ಆ ಕಡ್ಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಅದನ್ನು ಕಂಡವಳು ನಾನೊಬ್ಬಳೇ. “ಕೈ ಉಳ್ಸೋ ಪೆಟ್ಗೆ ಅಂದಲ್ಲಯ್ಯಾ! ನಿನ್ ಮಗಳ ಕೈನೇ ತಿಂತಲ್ಲೋ!” ಎಂದು ಓನರ್ ಕೂಗಾಡಿದರು. ಅಪ್ಪ ತಲೆ ಎತ್ತಲಿಲ್ಲ. “ನನ್ ಲೆಕ್ಕ ತಪ್ಪೋಯ್ತು ಸಾರ್. ಅವ್ಳದೇನೂ ತಪ್ಪಿಲ್ಲ” ಎಂದರು. ನಮ್ಮನ್ನು ಹತ್ತಿಸಿಕೊಂಡು ಟೆಂಪೋ ಗೇಟು ದಾಟುವಾಗ, ಮೇಸ್ತ್ರಿ ಕುಂಬಳಕಾಯಿ ಹಿಡಿದು ಒಳಗೆ ಹೋಗುವುದು ಕಾಣಿಸಿತು.

ಆಸ್ಪತ್ರೆಯ ವರಾಂಡದಲ್ಲಿ ಬೆಂಚೂ ಇರಲಿಲ್ಲ. ನಾನು ಅಪ್ಪನ ಪಕ್ಕ ನೆಲದ ಮೇಲೆ ಕೂತಿದ್ದೆ. ಎದೆಯಲ್ಲಿದ್ದುದನ್ನು ತಡೆಯಲಾಗದೆ, “ಅಪ್ಪಾ, ಆ ಕಡ್ಡಿ ನಂದು. ನಾನೇ ಕೊಟ್ಟಿದ್ದು” ಎಂದು ಬಿಕ್ಕಿದೆ.

“ಗೊತ್ತು ಮಗಾ” ಎಂದರು ಅಪ್ಪ. “ಇದ್ನ ಯಾರಿಗೂ ಏಳ್ಬೇಡ. ಅವ್ಳದೇ ತಪ್ಪು ಅಂತ ಗೊತ್ತಾದ್ರೆ ಕಂಪ್ನಿಯೋರು ಕೈ ತೊಳ್ಕೋತಾರೆ, ಜನ ಸಾಯೋಗಂಟ ಆಡ್ಕೋತಾರೆ. ಕೆಲ್ಸ ಮಾಡೋರ್ಗೆ ಸುಸ್ತಾಗಿರ್ತದೆ, ಅವಸ್ರ ಇರ್ತದೆ. ಒಂದ್ ಕಡ್ಡಿ ಸಿಗ್ಸಿದ್ರೆ ಓಡೋ ಅಂತಾ ಮಷೀನ್ ಮಾಡ್ದೋನು ನಾನು. ತಪ್ಪು ನಂದು.”

ಅಪ್ಪನ ಕೆಲಸ ಹೋಯಿತು. ಬೀದಿಯಲ್ಲಿ ಅವರಿಗೆ ‘ಕೈ ತಿನ್ನೋ ಪೆಟ್ಟಿಗೆಯವನು’ ಎಂಬ ಹೆಸರು ಬಿತ್ತು. ಎದುರುಮನೆಯ ಮಾವ ಕೂಡ ಮಾತು ಬಿಟ್ಟರು. ಅಕ್ಕ ಮೂಲೆ ಹಿಡಿದು ಕೂತಳು. ನನ್ನ ಜಡೆಯನ್ನು ಅಪ್ಪ ಹಾಕತೊಡಗಿದರು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಶಾಲೆಯಲ್ಲಿ ಯಾರಾದರೂ ನಕ್ಕರೆ ನಾನು ಅವರನ್ನು ಪರಚಿ ಬರುತ್ತಿದ್ದೆ.

ಒಂದು ತಿಂಗಳ ಮೇಲೆ, ಶೆಡ್ಡಿನವರು ಕಿತ್ತು ಕಳಿಸಿದ್ದ ಪೆಟ್ಟಿಗೆಯನ್ನು ಅಪ್ಪ ಮತ್ತೆ ಬಿಚ್ಚಿದರು. ಸಣ್ಣಪುಟ್ಟ ರಿಪೇರಿ ಮಾಡಿಕೊಂಡು ಹೊಟ್ಟೆ ಹೊರೆಯುತ್ತಾ, ಉಳಿದ ಹೊತ್ತೆಲ್ಲ ಅದರ ಮುಂದೆ ಕೂರುತ್ತಿದ್ದರು. ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಒಂದು ಬೆಳಿಗ್ಗೆ ಪೆಟ್ಟಿಗೆಗೆ ಪ್ರೆಸ್ಸಿನ ಬದಲು ಒಂದು ಬಲ್ಬು ಕಟ್ಟಿ ಅಕ್ಕನ ಮುಂದಿಟ್ಟು, “ಇದಕ್ಕೆ ಮೋಸ ಮಾಡಿ ನೋಡವ್ವ” ಎಂದರು.

ಅಕ್ಕ ಎದ್ದು ನನ್ನ ಡಬ್ಬಿಯಿಂದ ಒಂದು ಐಸ್‌ಕ್ಯಾಂಡಿ ಕಡ್ಡಿ ತಂದಳು. ಗುಂಡಿಯ ಹತ್ತಿರ ಒಯ್ದು ಹಿಂದಕ್ಕೆ ತೆಗೆದಳು. “ಇಡು, ಪರ್ವಾಗಿಲ್ಲ” ಎಂದರು ಅಪ್ಪ. ಅವಳು ಕಡ್ಡಿ ತುರುಕಿ ಇನ್ನೊಂದು ಗುಂಡಿ ಒತ್ತಿದಳು. ಬಲ್ಬು ಹತ್ತಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಈಗ ಎರಡು ಗುಂಡಿಗಳನ್ನೂ ಒಂದೇ ಸಲ ಒತ್ತಬೇಕಿತ್ತು, ಪ್ರತಿ ಸಲವೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕಿತ್ತು. ಒಂದು ಮೊದಲೇ ಒತ್ತಿಕೊಂಡಿದ್ದರೆ ಪ್ರೆಸ್ಸು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೂಡ ಅಳದ ಅಕ್ಕ ಅಂದು ಅಪ್ಪನ ಭುಜಕ್ಕೆ ಹಣೆಯೊತ್ತಿ ಜೋರಾಗಿ ಅತ್ತಳು.

ಅಲ್ಲಿಂದ ಅಕ್ಕನಿಗೆ ಅದೇ ಕೆಲಸ. ಹುಣಸೆಬೀಜ, ಸೈಕಲ್ ಟ್ಯೂಬಿನ ರಬ್ಬರ್, ಒದ್ದೆ ಬಟ್ಟೆ, ಚಮಚದ ಹಿಡಿ, ಸುಸ್ತಾದ ಕೆಲಸಗಾರನ ಕೈಗೆ ಏನೇನು ಸಿಗಬಹುದೋ ಎಲ್ಲದರಲ್ಲೂ ಅವಳು ಪೆಟ್ಟಿಗೆಗೆ ಮೋಸ ಮಾಡಲು ನೋಡುತ್ತಿದ್ದಳು. “ಇನ್ನೂ ಒಂದೈತೆ ಅಪ್ಪಾ” ಎನ್ನುತ್ತಿದ್ದಳು. ಅಪ್ಪ ಅದಕ್ಕೂ ದಾರಿ ಮುಚ್ಚುತ್ತಿದ್ದರು. ಆಮೇಲೆ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಶೆಡ್ಡಿನಿಂದ ಶೆಡ್ಡಿಗೆ ಅಲೆದರು. “ಆ ಹುಡ್ಗಿ ಕೈ ತಿಂದಿದ್ದು ಇದೇನಾ?” ಎಂದು ಕೇಳಿ ಬಾಗಿಲು ಹಾಕಿಕೊಂಡವರೇ ಹೆಚ್ಚು. ಅಪ್ಪ ನಿಜ ಹೇಳಿ ಹೆಸರು ಉಳಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ಎರಡು ವರ್ಷ ಅಲೆದ ಮೇಲೆ ಒಂದು ಸಣ್ಣ ಶೆಡ್ಡಿನವರು ತೆಗೆದುಕೊಂಡರು, ಅವರನ್ನು ನೋಡಿ ಇನ್ನು ಕೆಲವರು.

ಮುಂದೆ ದೊಡ್ಡ ದೊಡ್ಡ ಕಂಪನಿಗಳ ಅಂಥದ್ದೇ ಪೆಟ್ಟಿಗೆಗಳು ಬಂದವು, ನೋಡಲು ಇನ್ನೂ ಚೆಂದ. ಅಪ್ಪನ ಪೆಟ್ಟಿಗೆಯನ್ನು ಎಲ್ಲರೂ ಮರೆತರು. ಅವರು ಸಾಯುವವರೆಗೂ ಮಗಳ ಕೈ ಕಳೆದವನೆಂದೇ ಅವರನ್ನು ಜನ ಗುರುತಿಸಿದರು. ಈಗ ಅಪ್ಪನೂ ಇಲ್ಲ, ಅಕ್ಕನೂ ಇಲ್ಲ. ಅದಕ್ಕೇ ನಿಮ್ಮ ಮುಂದೆ ಬಾಯಿ ಬಿಡುತ್ತಿದ್ದೇನೆ.

ನಿಮ್ಮ ಕಾಲ ಬೇರೆ ಎನ್ನುತ್ತೀರಿ. ನಿಜ. ಮಾಲ್‌ನ ಲಿಫ್ಟಿಗೆ ನೀವು ಕೈ ಅಡ್ಡ ಹಿಡಿದರೆ ಬಾಗಿಲು ತಾನೇ ಹಿಂದಕ್ಕೆ ಸರಿಯುತ್ತದೆ. ಮೇಲಿನ ಜಾರ್ ಸರಿಯಾಗಿ ಕೂರದಿದ್ದರೆ ಮಿಕ್ಸಿ ತಿರುಗುವುದಿಲ್ಲ, ನಿಮ್ಮಮ್ಮ ಅದಕ್ಕೂ ಗೊಣಗುತ್ತಾಳೆ. ಆದರೆ ನಮ್ಮ ಕೆಳಗಿನ ರೂಮಿನಲ್ಲಿ ರಾಯಚೂರಿನ ಅಕ್ಕ ತಂಗಿ ಬಾಡಿಗೆಗಿದ್ದಾರಲ್ಲ, ಅವರಲ್ಲಿ ದೊಡ್ಡವಳು ಹೋದ ವಾರ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಳು. ಅವಳೂ ಪೀಣ್ಯದಲ್ಲಿ ಪ್ರೆಸ್ಸಿನ ಕೆಲಸಕ್ಕೆ ಹೋಗುವವಳು. ನಿಮ್ಮ ಮಷೀನಿಗೆ ಎರಡು ಬಟನ್ ಇಲ್ಲವೇನೇ ಎಂದು ಕೇಳಿದೆ.

“ಎರಡ ಅದಾವ್ರಿ ಅಜ್ಜಿ. ಆದ್ರ ಮಾಲಕ್ರು ಎಲೆಕ್ಟ್ರಿಷಿಯನ್ನ ಕರಿಸಿ ಒಳಗ ವೈರ್ ಕೂಡಿಸ್ಯಾರ. ಒಂದ ಒತ್ತಿದ್ರ ನಡೀತದ. ಕೌಂಟ್ ಜಾಸ್ತಿ ಬರ್ಬೇಕಲ್ರೀ” ಎಂದಳು. “ನಂದ ತಪ್ಪು ಬಿಡ್ರಿ. ಲಕ್ಷ್ಯ ಎಲ್ಲೋ ಇತ್ತು.”

ನಮ್ಮಕ್ಕ ಹುಡುಕಿದ ಮೋಸಗಳೆಲ್ಲ ಕೆಲಸಗಾರರ ಕೈಯಿಂದ ಆಗುವಂಥವು. ಮಾಲೀಕನೇ ಪೆಟ್ಟಿಗೆ ತೆರೆಸುತ್ತಾನೆಂದು ಅವಳಿಗೂ ಹೊಳೆದಿರಲಿಲ್ಲ, ಅಪ್ಪನಿಗೂ ಹೊಳೆದಿರಲಿಲ್ಲ. “ನಿನ್ ತಪ್ಪಲ್ಲ ಕಣೇ, ನಿನ್ ತಪ್ಪಲ್ಲ” ಎಂದು ನಾನು ಆ ಹುಡುಗಿಗೆ ಎಷ್ಟು ಸಲ ಹೇಳಿದೆನೋ. ಅವಳು ತಲೆಯಾಡಿಸಿದಳು. ಆಮೇಲೆ, “ನನ್ನ ಜಾಗಕ್ಕ ತಂಗೀನ ಕೂಡ್ಸ್ಯಾರ್ರಿ ಅಜ್ಜಿ” ಎಂದಳು.

ಬೆಳಿಗ್ಗೆ ನಿಮ್ಮ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಆ ತಂಗಿ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುತ್ತಾಳೆ. ನೀವು ಅವಳಿಗೆ ಟಾಟಾ ಮಾಡುತ್ತೀರಿ. ಅವಳು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಎತ್ತಿ ನಿಮಗೆ ಟಾಟಾ ಮಾಡುತ್ತಾಳೆ. ನಾನು ಬಾಲ್ಕನಿಯಲ್ಲಿ ನಿಂತು ಬಾಯಲ್ಲಿ ಏನು ಗೊಣಗುತ್ತೇನೆ ಎಂದು ನೀವು ಕೇಳಿದ್ದಿರಿ. ಅದು ದೇವರ ನಾಮವಲ್ಲ. ಅವಳ ಬೆರಳುಗಳನ್ನು ಎಣಿಸುತ್ತೇನೆ. ಸಂಜೆ ಅವಳು ಗೇಟು ತೆಗೆಯುವಾಗ ಮತ್ತೆ ಎಣಿಸುತ್ತೇನೆ.