ಮೋಟಾರಿನ ಬೀಗ

ನಮ್ಮ ಮಾವ ನೀರಿನ ಮೋಟಾರಿಗೆ ಬೀಗ ಹಾಕುತ್ತಿದ್ದರು. ಪುಟ್ಟೇನಹಳ್ಳಿಯಲ್ಲಿ ಹಿಂದೆ ಹೊಲವಿದ್ದ ಜಾಗದಲ್ಲಿ ಅವರೇ ನಿಂತು ಕಟ್ಟಿಸಿದ ಮನೆ. ಕೆಳಗೆ ನಾವು, ಮೇಲೆ ನಾಲ್ಕು ಬಾಡಿಗೆ ಸಂಸಾರ. ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಮೋಟಾರಿನ ಸ್ವಿಚ್ಚು ಕಬ್ಬಿಣದ ಪೆಟ್ಟಿಗೆಯೊಳಗೆ, ಕೀಲಿ ಅವರ ಜೇಬಿನಲ್ಲಿ. ಯಾರ ಮೇಲಾದರೂ ಮುನಿಸಿದ್ದರೆ ಟ್ಯಾಂಕು ಬರಿದಾದರೂ ಮೋಟಾರು ಹಾಕುತ್ತಿರಲಿಲ್ಲ.

“ನೀರು ಬೇಕಾದೋರು ಬಂದು ಕೇಳ್ಲಿ” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮೊದಲ ಮಹಡಿಯ ಬಾಣಂತಿ ಖಾಲಿ ಬಕೆಟ್ಟು ಹಿಡಿದು ತಾನೇ ಇಳಿದು ಬಂದಳು. “ಅಕ್ಕಾ, ಮಗೂಗೆ ನೀರು ಹಾಕ್ಬೇಕು. ನಲ್ಲೀಲಿ ಒಂದು ಹನಿ ಇಲ್ಲ.”

ಮಾವ ಹೆಬ್ಬಾಳದ ನೆಂಟರ ಮನೆಗೆ ಹೋಗಿದ್ದರು. ಫೋನ್ ಮಾಡಿದೆ.

“ಸಂಜೆ ಬತ್ತೀನಿ. ಅಲ್ಲೀಗಂಟ ತಡ್ಕಳಾಕೆ ಅವ್ಳಿಗೆ ಏಳು” ಎಂದರು.

ನಾನು ಅಡುಗೆಮನೆಯ ಕುಟ್ಟಾಣಿ ತಂದು ಬೀಗಕ್ಕೆ ಬಾರಿಸಿದೆ. ಮೂರನೆಯ ಏಟಿಗೆ ಕಳಚಿ ಬಿತ್ತು. ಮೋಟಾರು ಹಾಕಿದೆ.

ಸಂಜೆ ಮಾವ ಕೂಗಾಡಿದರು. ಗಂಡ, “ಹೊಸ ಬೀಗ ತರ್ತೀನಿ, ನೀನು ಸುಮ್ನಿರು” ಎಂದ.

“ಬೀಗ ತಂದ್ರೆ ಅದನ್ನೂ ಒಡೀತೀನಿ” ಎಂದೆ.

ಮದುವೆಗೆ ಮುಂಚೆ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ. ಹನ್ನೊಂದು ವರ್ಷದಿಂದ ಆ ಓದು ಯಾರಿಗೂ ಬೇಕಾಗಿರಲಿಲ್ಲ. ಮಾರನೆಯ ದಿನ ಮತ್ತಿಕೆರೆಯ ಅಂಗಡಿಯೊಂದಕ್ಕೆ ಹೋಗಿ ಟ್ರಾನ್ಸಿಸ್ಟರು, ತಾನೇ ಹಾಕಿ ತೆಗೆಯುವ ಸ್ವಿಚ್ಚಿನಂಥ ರಿಲೇ, ವೈರು ಕೇಳಿದೆ.

“ಮಗನ ಪ್ರಾಜೆಕ್ಟಾ ಮೇಡಂ?”

“ನಂದೇ ಪ್ರಾಜೆಕ್ಟು.”

ಟ್ಯಾಂಕಿನೊಳಗೆ ಮೇಲೊಂದು, ಕೆಳಗೊಂದು ಸ್ಟೀಲ್ ಕಡ್ಡಿ ಇಳಿಬಿಟ್ಟೆ. ನೀರು ಕೆಳಗಿನ ಕಡ್ಡಿಯನ್ನು ಬಿಟ್ಟು ಇಳಿದರೆ ಮೋಟಾರು ತಾನೇ ಓಡಬೇಕು. ಮೇಲಿನದನ್ನು ಮುಟ್ಟಿದರೆ ನಿಲ್ಲಬೇಕು. ಮೊದಲ ಸಲ ಟ್ಯಾಂಕು ತುಂಬಿತು, ರಿಲೇ ಟಕ್ಕೆಂದು ಬಿಟ್ಟಿತು, ಅಷ್ಟೆ. ಆಮೇಲೆ ಏನು ಮಾಡಿದರೂ ಏಳಲಿಲ್ಲ. ಟ್ರಾನ್ಸಿಸ್ಟರು ಸತ್ತಿತ್ತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಹಳೆಯ ನೋಟ್ಸ್ ಹುಡುಕಿ ತೆಗೆದಾಗ ತಿಳಿಯಿತು: ರಿಲೇ ಬಿಡುವಾಗ ಅದರ ಸುರುಳಿ ಹಿಂದಕ್ಕೆ ಒದೆಯುತ್ತದೆ, ಆ ಒದೆತ ತಡೆಯಲು ಒಂದು ಪುಟ್ಟ ಡಯೋಡು ಬೇಕು. ಅದನ್ನೇ ಮರೆತಿದ್ದೆ. ಹಾಕಿದ ಮೇಲೆ ಸರ್ಕ್ಯೂಟು ಮತ್ತೆ ಕೈಕೊಡಲಿಲ್ಲ. ಮೋಟಾರಿನ ಕರೆಂಟು ರಿಲೇಗೆ ಹೆಚ್ಚೆಂದು ನಡುವೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚೊಂದನ್ನೂ ಕೂರಿಸಿದೆ.

ನಾಲ್ಕನೆಯ ದಿನ ಮಾವ ವೈರು ಕತ್ತರಿಸಿದರು. ಜೋಡಿಸಿದೆ. ಬೋರ್ಡನ್ನೇ ಕಿತ್ತು ಎಲ್ಲೋ ಎಸೆದರು. ಎರಡೇ ದಿನದಲ್ಲಿ ಇನ್ನೊಂದು ಮಾಡಿ, ಬಾಡಿಗೆಯವರೆಲ್ಲ ನೋಡುತ್ತಿರುವಾಗಲೇ ಗೋಡೆಗೆ ಮೊಳೆ ಹೊಡೆದು ಕೂರಿಸಿದೆ.

“ಎಂಗಸ್ರು ಕರೆಂಟ್ ಮುಟ್ಟೋ ಮನೆ ಇದಲ್ಲ” ಎಂದರು ಮಾವ.

“ಇನ್ಮೇಲೆ ಇದು ಅಂಥ ಮನೆ, ಮಾವ. ಎಷ್ಟು ಸಲ ಕೀಳ್ತೀರೋ ಅಷ್ಟು ಸಲ ಹಾಕ್ತೀನಿ.”

ಮೆಟ್ಟಿಲ ಮೇಲೆ ಮಗು ಎತ್ತಿಕೊಂಡು ನಿಂತಿದ್ದ ಬಾಣಂತಿ ಅಲ್ಲಿಂದ ಕದಲಲಿಲ್ಲ. ಮಾವ ಅವಳನ್ನೂ ನನ್ನನ್ನೂ ನೋಡಿ ಒಳಗೆ ಹೋದರು. ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ಕಳೆದ ತಿಂಗಳು ಪಕ್ಕದ ಬೀದಿಯ ಮನೆ ಮಾಲೀಕರು ತಮ್ಮ ಮೋಟಾರಿಗೂ ಇಂಥದೇ ಬೇಕೆಂದು ವಿಚಾರಿಸಲು ಬಂದರು. ಮಾವ ಜಗಲಿಯಲ್ಲೇ ಕೂತು, “ಅದೆಲ್ಲ ನಮ್ಮನೇಲೇ ಮಾಡ್ತೀವಿ” ಎಂದರು.

ನಾನು ಬಾಗಿಲಿಗೆ ಬಂದು, “ನಾನು ಮಾಡ್ತೀನಿ. ನಿಮ್ಮ ಟ್ಯಾಂಕ್ ಎಷ್ಟು ಎತ್ತರ ಇದೆ?” ಎಂದು ಕೇಳಿದೆ.