ಮರುವಾಯಿಯ ಚೀಲ

ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಪ್ಲಾಸ್ಟಿಕ್ ಚೀಲವೊಂದು ಈ ದಿನ ಬೆಳಗಿನ ತೇವಕ್ಕೆ ಮತ್ತೆ ವಾಸನೆ ಬೀರಿತು. ಅದು ಕೆಸರಿನ ವಾಸನೆ; ನಮ್ಮ ಗದ್ದೆಯ ಕೆಸರಿನದಲ್ಲ, ಅಳಿವೆಯದು. ನದಿ ಕಡಲನ್ನು ಸೇರುವ ಜಾಗಕ್ಕೆ ನಮ್ಮಲ್ಲಿ ಅಳಿವೆ ಎನ್ನುತ್ತಾರೆ. ನಾನಿರುವ ಮಡಂತ್ಯಾರಿನಿಂದ ಅದು ಬಹಳ ದೂರ. ಚೀಲಕ್ಕೆ ಮಾತ್ರ ಆ ದೂರ ತಿಳಿದಂತಿಲ್ಲ.

ಚೀಲ ನನ್ನದಲ್ಲ, ಹಸನಬ್ಬ ಮಾಸ್ಟ್ರದು. ಒಂದೇ ಶಾಲೆಯಲ್ಲಿ ಅವರು ವಿಜ್ಞಾನ ಕಲಿಸಿದರು, ನಾನು ಕನ್ನಡ. ನಿವೃತ್ತರಾಗಿ ಅವರು ಪಾಣೆಮಂಗಳೂರಿಗೆ ಹೋದರು. ನಾನೂ ಅವಧಿಗೆ ಮುಂಚೆ ಕೆಲಸ ಬಿಟ್ಟೆ. ಅವರು ಹೆಂಡತಿಯನ್ನು ಕಳೆದುಕೊಂಡವರು, ನಾನು ಮದುವೆಯಾಗದವನು. ತಿದ್ದುವುದಕ್ಕೆ ಮಕ್ಕಳಿಲ್ಲದ ಮನೆಯಲ್ಲಿ ನಾನೀಗ ರೇಡಿಯೊದಲ್ಲಿ ವಾರ್ತೆ ಓದುವವರನ್ನು ತಿದ್ದುತ್ತೇನೆ. ಅವರು ಕೇಳಿಸಿಕೊಳ್ಳುವುದಿಲ್ಲ.

ತಿಂಗಳಿಗೊಂದು ಶನಿವಾರ ಸಂಜೆ ಮಾಸ್ಟ್ರು ಬಸ್ಸಿನಲ್ಲಿ ಬರುತ್ತಿದ್ದರು. ಅಳಿವೆಯ ಬದಿಯಲ್ಲಿರುವ ತಂಗಿಯ ಮನೆಯಿಂದ ತಂದ ಮರುವಾಯಿ ಆ ಚೀಲದಲ್ಲಿರುತ್ತಿತ್ತು. ನೀವು ಘಟ್ಟದ ಮೇಲಿನವರಾದರೆ ಹೇಳಬೇಕು: ಮರುವಾಯಿ ಎಂದರೆ ನದಿಯ ತಳದ ಕೆಸರಿನಲ್ಲಿ ಹುದುಗಿರುವ, ಎರಡು ಚಿಪ್ಪುಗಳ ನಡುವೆ ಬಾಳುವ ಸಣ್ಣ ಜೀವ. ಚೀಲದಿಂದ ನೀರು ಸೋರಿ ಬಸ್ಸಿನ ನೆಲವೆಲ್ಲ ಒದ್ದೆಯಾಗುತ್ತಿತ್ತು.

“ಮಾಸ್ಟ್ರೇ, ನಿಮ್ಮ ಚೀಲ ಅಳ್ತಾ ಉಂಟು,” ಎಂದು ಕಂಡಕ್ಟರ್ ಹೇಳಿದ್ದನ್ನು ಅವರು ಪ್ರತಿ ಸಲವೂ ಹೊಸದೆಂಬಂತೆ ನನಗೆ ವರದಿ ಮಾಡುತ್ತಿದ್ದರು.

ಮರುವಾಯಿಯನ್ನು ತಂದ ದಿನವೇ ಬೇಯಿಸುವಂತಿಲ್ಲ. ದೊಡ್ಡ ಬೋಗುಣಿಯ ನೀರಿನಲ್ಲಿ ರಾತ್ರಿಯಿಡೀ ಇಟ್ಟರೆ ಅವು ಬಾಯಿ ತೆರೆದು ಒಳಗಿನ ಮಣ್ಣನ್ನೆಲ್ಲ ಉಗುಳುತ್ತವೆ. ಆದುದರಿಂದ ಮಾಸ್ಟ್ರು ಉಳಿಯಲೇಬೇಕಾಗಿತ್ತು. ಬೆಳಿಗ್ಗೆ ಬೋಗುಣಿಯ ತಳದಲ್ಲಿ ನುಣುಪಾದ ಕಪ್ಪು ಮಣ್ಣು ಕೂತಿರುತ್ತಿತ್ತು. ಅವರು ಮೆಟ್ಟುಕತ್ತಿಯ, ಅಂದರೆ ಈಳಿಗೆಮಣೆಯ, ಮೇಲೆ ಕುಳಿತು ಚಿಪ್ಪು ಸೀಳುವರು. ನಾನು ಅಕ್ಕಿ ಹಿಟ್ಟಿನ ಉಂಡೆ ಕಟ್ಟಿ ಹಬೆಯಲ್ಲಿ ಪುಂಡಿ ಬೇಯಿಸುವೆ. ನನ್ನ ಉಂಡೆಗಳೆಲ್ಲ ಒಂದೇ ಗಾತ್ರದವು. “ಇವುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯಿರಿ ಪಂಡಿತರೇ,” ಎಂದು ಅವರು ಚುಚ್ಚುತ್ತಿದ್ದರು. ಆದಿತ್ಯವಾರದ ಊಟ ಮುಗಿಸಿ ಅವರು ಹೊರಟ ಮೇಲೆ ಮನೆ ಎಷ್ಟು ದೊಡ್ಡದೆಂದು ನನಗೆ ತಿಳಿಯುತ್ತಿತ್ತು.

ಕಳೆದ ಬೇಸಗೆಯಲ್ಲಿ ಅವರ ಮಗಳು ಸಮೀರಾ ಜೊತೆಗೆ ಬಂದಳು. ಅಳಿವೆಯ ತಳದ ಕೆಸರನ್ನು ತೆಗೆದು ಪರೀಕ್ಷಿಸುವುದು ಅವಳ ಓದಿನ ಭಾಗವಾಗಿತ್ತು. ಬಡಿಸಿದ ಬಟ್ಟಲನ್ನು ಅವಳು ಮೆಲ್ಲನೆ ಬದಿಗೆ ಸರಿಸಿದಳು.

“ಸರ್, ಬೇಸರ ಮಾಡ್ಬೇಡಿ. ಆ ಕೆಸರಿನಲ್ಲಿ ಸೀಸ ಉಂಟು, ಕ್ಯಾಡ್ಮಿಯಂ ಉಂಟು. ಇವು ಅದರಲ್ಲೇ ಬೆಳೆಯುವುದಲ್ವಾ.”

“ರಾತ್ರಿಯಿಡೀ ನೀರಿನಲ್ಲಿ ಇಟ್ಟಿದ್ದೇವಲ್ಲ?”

“ಮಣ್ಣು ಹೋಗ್ತದೆ ಸರ್. ಮಾಂಸಕ್ಕೆ ಸೇರಿದ್ದು ಹೋಗುವುದಿಲ್ಲ. ಬೇಯಿಸಿದರೂ ಇಲ್ಲ.”

“ಯಾರು ಹಾಕಿದ್ದು ಅದನ್ನು?” ಎಂದು ಮಾಸ್ಟ್ರು ತರಗತಿಯ ಧ್ವನಿಯಲ್ಲಿ ಕೇಳಿದರು.

“ಎಲ್ಲರದ್ದೂ ಸ್ವಲ್ಪ ಸ್ವಲ್ಪ ಉಂಟು ಬಾಪಾ. ಕಾರ್ಖಾನೆಯದ್ದು, ಗ್ಯಾರೇಜಿನದ್ದು, ಪೇಂಟಿನದ್ದು. ಇಲ್ಲಿಯ ತೋಡಿನ ನೀರೂ ಕಡೆಗೆ ಅಲ್ಲಿಗೇ ಬರುವುದು.”

ಮಾಸ್ಟ್ರು ಕೈಯಲ್ಲಿದ್ದ ಚಿಪ್ಪನ್ನು ಬಟ್ಟಲಿಗೆ ಹಿಂದಿರುಗಿಸಿದರು. “ಮೂವತ್ತು ವರ್ಷ ವಿಜ್ಞಾನ ಕಲಿಸಿದವನ ಬಾಯಿಗೆ ಮಗಳೇ ಬೀಗ ಹಾಕಿದಳು ಮಾರಾಯ್ರೆ,” ಎಂದು ನಕ್ಕರು. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು. ಸಂಜೆ ಹೊರಡುವಾಗ ಚೀಲವನ್ನು ಮರೆತರು, ಅಥವಾ ಬಿಟ್ಟರು.

ಅನಂತರ ಅವರು ಬರಲಿಲ್ಲ. ಜಗಳವಿಲ್ಲ, ಕಾಯಿಲೆಯಿಲ್ಲ. ಒಮ್ಮೆ ಫೋನಿನಲ್ಲಿ, “ಬರಿಗೈಯಲ್ಲಿ ಹೇಗೆ ಬರುವುದು ಪಂಡಿತರೇ,” ಎಂದರು. ಸುಮ್ಮನೆ ಬನ್ನಿ ಎಂದು ನಾನು ಹೇಳಬಹುದಿತ್ತು. ಆದರೆ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಆ ಮಾತನ್ನು ಆಡಿದವರೇ ಅಲ್ಲ. ನಮ್ಮ ಪರವಾಗಿ ಮರುವಾಯಿಯೇ ಅದನ್ನು ಹೇಳುತ್ತಿತ್ತು. “ಸರಿ, ನೋಡುವ,” ಎಂದು ಫೋನ್ ಇಟ್ಟೆ. ಬೋಗುಣಿ ಅಟ್ಟ ಸೇರಿತು.

ಇಂದು ಆದಿತ್ಯವಾರ. ವಾಸನೆ ಬಂದೊಡನೆ ಚೀಲವನ್ನು ಸಾಬೂನು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿದೆ. ಹಿಂದಿರುಗಿಸುವ ನೆಪದಲ್ಲಾದರೂ ಪಾಣೆಮಂಗಳೂರಿಗೆ ಹೋಗಬಹುದಲ್ಲ. ನಾಲ್ಕು ಮಡಿಕೆಯಾಗಿ ಮಡಚಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದವನು ಅಂಗಳದಲ್ಲಿ ನಿಂತೆ. ಚೀಲವನ್ನು ಕೊಟ್ಟಾಯಿತು ಎಂದರೆ, ಮುಂದಿನ ತಿಂಗಳು ಏನನ್ನು ಕೊಡಲು ಹೋಗುವುದು? ಒಳಗೆ ಹಿಂದಿರುಗಿ ಅದನ್ನು ಮೊದಲಿನ ಮೊಳೆಗೇ ಸಿಕ್ಕಿಸಿ, ಬರಿಗೈಯಲ್ಲೇ ಹೊರಟೆ.

ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದ.

“ಏನು ಸರ್, ನಿಮ್ಮ ಮಾಸ್ಟ್ರು ಈಗ ಕಾಣುವುದೇ ಇಲ್ಲ?”

“ಅವರಲ್ಲಿಗೇ ಹೊರಟಿದ್ದೇನೆ.”

ಅವನು ನನ್ನ ಕೈಗಳನ್ನೂ ಸೀಟಿನ ಅಡಿಯನ್ನೂ ನೋಡಿದ. “ಏನು ವಿಶೇಷ?”

“ವಿಶೇಷ ಏನೂ ಇಲ್ಲ,” ಎಂದೆ. “ಅವರನ್ನು ನೋಡದೆ ಬೇಸರ ಆಗ್ತದೆ.”

ಟಿಕೆಟ್ ಹರಿದುಕೊಟ್ಟು ಅವನು ಮುಂದಿನ ಸೀಟಿಗೆ ಹೋದ. ಅದೇ ಮಾತನ್ನು ಪಾಣೆಮಂಗಳೂರಿನ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಬೇಕಾಗಿದೆ.